ಹಾಜರಿ ಪುಸ್ತಕ ಕೈಗೆ ಬರುವ ಮುಂಚೆ ಮಕ್ಕಳನ್ನು ಎಣಿಸು

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನಮ್ಮ ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಶಿಕ್ಷಣ ಯೋಜನೆಗಳಲ್ಲಿ ನಡೆಯುವ ಹಣದ ಅಕ್ರಮ ತನಿಖೆ ಮಾಡುವ ವಿಭಾಗಕ್ಕೆ ನಿನ್ನನ್ನು ಹಾಕಿದ್ದಾರೆ ಅಂತ ಹೇಳಿದಳು. ಜೊತೆಗೆ ನೀನು ಮುಖ ಸಣ್ಣದು ಮಾಡಿಕೊಂಡು ಕೂತಿದ್ದೀಯ ಅಂತಲೂ ಹೇಳಿದಳು. ದೊಡ್ಡ ಕೇಸುಗಳು ಸಿಗುತ್ತವೆ ಅಂದುಕೊಂಡಿದ್ದೆ, ಈಗ ಶಾಲೆ ಶಾಲೆ ಸುತ್ತಿ ವೋಚರ್ ಎಣಿಸಬೇಕು ಅಂದೆಯಂತೆ. 26 ವರ್ಷ ನಾನು ಎಣಿಸಿದ್ದು ಅದೇ ವೋಚರ್‌ಗಳನ್ನು ಕಣೋ. ಅದಕ್ಕೇ ಈ ಪತ್ರ. ಉದ್ದ ಆಗುತ್ತೆ, ಒಂದೇ ಸಲಕ್ಕೆ ಆಗದಿದ್ದರೆ ಎರಡು ಸಲ ಕೂತು ಓದು.

ಮನೆಯಲ್ಲಿ ಕಳ್ಳತನ ಆದರೆ ಮನೆಯವರು ಓಡಿ ಬಂದು ದೂರು ಕೊಡುತ್ತಾರೆ. ಇಲ್ಲಿ ಹಾಗಲ್ಲ. ತನ್ನ ಹೆಸರಲ್ಲಿ ಪುಸ್ತಕ ಬಂದಿತ್ತು, ಶೂ ಬಂದಿತ್ತು, ವಿದ್ಯಾರ್ಥಿವೇತನ ಬಂದಿತ್ತು ಅಂತ ಆ ಮಗುವಿಗೆ ಗೊತ್ತೇ ಇರುವುದಿಲ್ಲ. ಬಂದಿದೆ ಅಂತಲೇ ಗೊತ್ತಿಲ್ಲದ ಮೇಲೆ, ಹೋಯಿತು ಅಂತ ಯಾರು ಅಳುತ್ತಾರೆ ಹೇಳು? ಕಳ್ಳನಿಗೆ ಧೈರ್ಯ ಬರುವುದೇ ಅಲ್ಲಿಂದ. ಬೀಗ ಒಡೆಯಬೇಕಿಲ್ಲ, ಒಂದು ಸಹಿ ಸಾಕು. ಹಾಗಾಗಿ ದೂರು ಬರಲಿ ಅಂತ ಕಾಯುತ್ತಾ ಕೂತರೆ ನಿನ್ನ ಮೇಜು ಖಾಲಿಯೇ ಇರುತ್ತೆ. ದೂರು ಕೊಡಲು ಗೊತ್ತಿಲ್ಲದವರ ಪರವಾಗಿ ಹುಡುಕಿಕೊಂಡು ಹೋಗುವುದೇ ನಿನ್ನ ಕೆಲಸ. ಇದಕ್ಕಿಂತ ದೊಡ್ಡ ಕೇಸು ಯಾವುದಿದೆ ಅಂತ ನನಗಂತೂ ಗೊತ್ತಿಲ್ಲ.

ಉಗಾಂಡಾ ದೇಶದ ಕಥೆಯನ್ನು ನಾನು ಹೊಸಬರಿಗೆಲ್ಲ ಹೇಳುತ್ತಿದ್ದೆ. ಅಲ್ಲಿ ಸರ್ಕಾರ ಒಂದು ಮಗುವಿಗೆ ಇಷ್ಟು ಅಂತ ಲೆಕ್ಕ ಹಾಕಿ ಪ್ರಾಥಮಿಕ ಶಾಲೆಗಳಿಗೆ ಅನುದಾನ ಕಳಿಸುತ್ತಿತ್ತು. ರಿಟ್ವಾ ರೈನಿಕ್ಕಾ ಮತ್ತು ಯಾಕೋಬ್ ಸ್ವೆನ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 250 ಶಾಲೆಗಳ ಲೆಕ್ಕ ತೆಗೆದು, ಮೇಲಿನಿಂದ ಹೊರಟದ್ದು ಎಷ್ಟು, ಶಾಲೆಗೆ ಮುಟ್ಟಿದ್ದು ಎಷ್ಟು ಅಂತ ಪಕ್ಕಪಕ್ಕ ಇಟ್ಟು ನೋಡಿದರು. 1991ರಿಂದ 1995ರವರೆಗೆ ಸರಾಸರಿ ಶೇ. 13ರಷ್ಟು ಮಾತ್ರ ಶಾಲೆ ತಲುಪಿತ್ತು. ಹೆಚ್ಚಿನ ಶಾಲೆಗಳಿಗೆ ಏನೂ ಬಂದೇ ಇರಲಿಲ್ಲ. ಆಮೇಲೆ ಸರ್ಕಾರ ಎಷ್ಟು ಹಣ ಬಿಡುಗಡೆ ಆಯಿತು ಅಂತ ಪತ್ರಿಕೆಗಳಲ್ಲಿ ಹಾಕತೊಡಗಿತು, ಶಾಲೆಗಳಲ್ಲೂ ನೋಟಿಸು ಅಂಟಿಸಬೇಕು ಅಂದಿತು. 2001ರ ಹೊತ್ತಿಗೆ ಶೇ. 80ಕ್ಕಿಂತ ಜಾಸ್ತಿ ಮುಟ್ಟುತ್ತಿತ್ತು. ಬದಲಾವಣೆಗೆ ಬೇರೆ ಕಾರಣಗಳೂ ಇದ್ದವು, ಇರಲಿ. ನೀನು ಗಮನಿಸಬೇಕಾದದ್ದು ಅವರು ಹುಡುಕಿದ ರೀತಿಯನ್ನು. ಎರಡು ತುದಿ ಹಿಡಿದರು. ಖಜಾನೆಯದ್ದೊಂದು ತುದಿ, ಶಾಲೆಯದ್ದೊಂದು ತುದಿ. ಮಧ್ಯದ ಕಚೇರಿಗಳ ಕಾಗದ ಎಷ್ಟೇ ಚೆನ್ನಾಗಿರಲಿ, ಎರಡು ತುದಿ ಸೇರದಿದ್ದರೆ ಮಧ್ಯದಲ್ಲಿ ಏನೋ ಆಗಿದೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ನಿನ್ನಮ್ಮನಿಗೂ ಪೂರ್ತಿ ಹೇಳಿಲ್ಲ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಂದೇ ವಾರದಲ್ಲಿ ಎರಡು ಶಾಲೆ ನೋಡಿದೆ. ಮೊದಲ ಶಾಲೆಯ ಹಾಜರಿ ಪುಸ್ತಕ ನೋಡಿದರೆ ತಲೆ ಕೆಡುವ ಹಾಗಿತ್ತು. ಒಂದು ದಿನ ನೀಲಿ ಶಾಯಿ, ಇನ್ನೊಂದು ದಿನ ಕಪ್ಪು, ಮತ್ತೊಂದು ದಿನ ಪೆನ್ಸಿಲ್. ಹಾಜರ್ ಅಂತ ಬರೆದು ಹೊಡೆದು ಹಾಕಿ ಗೈರು ಅಂತ ಬರೆದದ್ದು, ಊರು ಬಿಟ್ಟುಹೋದ ಮಕ್ಕಳ ಹೆಸರಿಗೆ ಗೀಟು, ಒಂದು ಪುಟಕ್ಕೆ ನೀರು ಬಿದ್ದು ಅಕ್ಷರ ಹಬ್ಬಿಹೋದದ್ದು. ಊಟದ ಲೆಕ್ಕಕ್ಕೂ ಹಾಜರಿಗೂ ಕೆಲವು ದಿನ ತಾಳೆ ಆಗುತ್ತಿರಲಿಲ್ಲ. ಎರಡನೇ ಶಾಲೆಯ ಪುಸ್ತಕ ಮುತ್ತು ಪೋಣಿಸಿದ ಹಾಗಿತ್ತು. ಒಂದೇ ಕೈ, ಒಂದೇ ಶಾಯಿ, ಕೂಡಿದರೆ ಲೆಕ್ಕ ಸರಿ. ನಾನು ಮೊದಲ ಶಾಲೆಯ ಮುಖ್ಯೋಪಾಧ್ಯಾಯಿನಿ ಮೇಲೆ ಗಂಭೀರ ಲೋಪ ಅಂತ ವರದಿ ಬರೆದೆ. ಎರಡನೆಯದಕ್ಕೆ ತೃಪ್ತಿಕರ ಅಂತ ಬರೆದು ಸಹಿ ಹಾಕಿದೆ.

ಒಂದೂವರೆ ವರ್ಷ ಆದಮೇಲೆ ನನ್ನ ಸಹೋದ್ಯೋಗಿಯೊಬ್ಬರು ಬೇರೆ ಕೆಲಸಕ್ಕೆ ಅಂತ ಆ ಮುತ್ತಿನಂಥ ಪುಸ್ತಕ ತರಿಸಿಕೊಂಡರು. ಅದರಲ್ಲಿ ಒಂದು ದಿನ, ಜೋರು ಮಳೆ ಅಂತ ಬೆಳಗ್ಗೆ ಬೆಳಗ್ಗೆ ಎಲ್ಲ ಶಾಲೆಗಳಿಗೂ ರಜೆ ಕೊಟ್ಟಿದ್ದ ದಿನ, ಎಲ್ಲ ಮಕ್ಕಳೂ ಹಾಜರ್ ಆಗಿದ್ದರು. ಎಲ್ಲರೂ ಊಟ ಮಾಡಿದ್ದರು. ಆ ಎಳೆ ಹಿಡಿದು ಹೋದಾಗ ಗೊತ್ತಾಯಿತು, ಮೂರರಲ್ಲಿ ಒಂದು ಭಾಗ ಹೆಸರುಗಳಿಗೆ ಮಕ್ಕಳೇ ಇಲ್ಲ. ತಿಂಗಳ ಕೊನೆಗೆ ಒಬ್ಬರು ಒಂದೇ ಸಲ ಕೂತು ಇಡೀ ತಿಂಗಳು ತುಂಬುತ್ತಿದ್ದರು. ಚೆನ್ನಾಗಿ ಕಾಣದೆ ಇನ್ನೇನು?

ಅಷ್ಟರಲ್ಲಿ ಆ ಮೊದಲ ಶಾಲೆಯ ಮೇಡಂಗೆ ಇನ್‌ಕ್ರಿಮೆಂಟ್ ನಿಂತು, ಬಡ್ತಿ ತಪ್ಪಿ ಹೋಗಿತ್ತು. ನಾನು ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಆ ಪೆನ್ಸಿಲ್ ದಿನ ಪೆನ್ ಮುಗಿದಿತ್ತು, ಆ ನೀರು ಬಿದ್ದದ್ದು ಸೋರುವ ಮಾಡಿನಿಂದ, ಆ ಊಟದ ಲೆಕ್ಕ ತಾಳೆ ಆಗದಿದ್ದದ್ದು ತಡವಾಗಿ ಬಂದ ಮಕ್ಕಳಿಗೂ ಊಟ ಹಾಕಿದ್ದರಿಂದ ಅಂತ ಒಂದೊಂದೇ ಹೇಳಿದರು. ಕೊನೆಗೆ, "ಆ ದಿನ ನೀವು ನನ್ನ ಕೇಳಿದ್ದರೆ ಇದನ್ನೆಲ್ಲ ಹೇಳುತ್ತಿದ್ದೆ" ಅಂದರು. ವರದಿ ತಿದ್ದಿಸಲು ನನಗೆ ಎರಡು ವರ್ಷ ಹಿಡಿಯಿತು. ಕಳೆದುಹೋದ ಬಡ್ತಿಯನ್ನು ಮಾತ್ರ ವಾಪಸ್ ಕೊಡಿಸಲು ಆಗಲಿಲ್ಲ. ಇವತ್ತಿಗೂ ಅವರ ಮನೆ ಬಾಗಿಲು ಕಣ್ಣಮುಂದೆ ಬರುತ್ತೆ.

ಅದಕ್ಕೇ ಹೇಳುತ್ತೇನೆ, ಗಲೀಜಾದ ಪುಸ್ತಕ ನೋಡಿ ಸಿಟ್ಟಾಗಬೇಡ. ನಿಜವಾದ ಮಕ್ಕಳು ಗಲೀಜು ಲೆಕ್ಕವನ್ನೇ ಕೊಡುತ್ತಾರೆ. ಜ್ವರ ಬರುತ್ತೆ, ಮಳೆ ಬಂದರೆ ಬರುವುದಿಲ್ಲ, ಅಜ್ಜಿ ಮನೆಗೆ ಹೋಗಿ ವಾರ ಬಿಟ್ಟು ಬರುತ್ತಾರೆ. ತಪ್ಪಿಗೂ ಕಳ್ಳತನಕ್ಕೂ ಇರುವ ವ್ಯತ್ಯಾಸ ಕಂಡುಹಿಡಿಯಲು ನನಗೆ ಸಿಕ್ಕ ಒಳ್ಳೆಯ ದಾರಿ ಇದು: ತಪ್ಪು ಎರಡೂ ಕಡೆಗೆ ಬೀಳುತ್ತೆ. ಒಂದು ದಿನ ಹತ್ತು ಜಾಸ್ತಿ ಬರೆದವರು ಇನ್ನೊಂದು ದಿನ ಎಂಟು ಕಡಿಮೆ ಬರೆದಿರುತ್ತಾರೆ. ಕಳ್ಳತನ ಮಾತ್ರ ಯಾವಾಗಲೂ ಒಂದೇ ಕಡೆಗೆ ವಾಲುತ್ತೆ, ಯಾರದೋ ಜೇಬಿನ ಕಡೆಗೆ. ಆ ವಾಲು ಕಾಣುವವರೆಗೆ ಯಾರನ್ನೂ ಕಳ್ಳ ಅನ್ನಬೇಡ. ಬಾಯಲ್ಲಿ ಅಂತೂ ಬೇಡವೇ ಬೇಡ, ಮನಸ್ಸಿನಲ್ಲೂ ಅನ್ನಬೇಡ, ಯಾಕೆಂದರೆ ಮನಸ್ಸಿನಲ್ಲಿ ಅಂದುಕೊಂಡ ಮೇಲೆ ಕಣ್ಣಿಗೆ ಅದೇ ಕಾಣತೊಡಗುತ್ತೆ.

ಇಲ್ಲದ ಮಕ್ಕಳ ವಿಷಯ ಬಂತಲ್ಲ, ಈಗ ಅದು ಕಾಗದದಿಂದ ಕಂಪ್ಯೂಟರ್‌ಗೆ ಹೋಗಿದೆ. ಶಾಲೆಗಳೇ ಇಲ್ಲದೆ ನಡೆಯುವುದೂ ಇದೆ. 2023ರಲ್ಲಿ ಭಾರತ ಸರ್ಕಾರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ವಿದ್ಯಾರ್ಥಿವೇತನದ ಪಟ್ಟಿಯಲ್ಲಿದ್ದ 1,572 ಸಂಸ್ಥೆಗಳನ್ನು ಪರಿಶೀಲಿಸಿತು. 830 ಸಂಸ್ಥೆಗಳು ಒಂದೋ ನಕಲಿ, ಇಲ್ಲವೇ ನಡೆಯುತ್ತಲೇ ಇಲ್ಲ ಅಂತ ಕಂಡುಬಂತು. ಅವುಗಳಿಂದ ಆದ ನಷ್ಟವೇ 144 ಕೋಟಿ ರೂಪಾಯಿಗಿಂತ ಜಾಸ್ತಿ ಅಂತ ಲೆಕ್ಕ ಹಾಕಿ ಸಿಬಿಐಗೆ ಕೊಟ್ಟರು. ಅಮೆರಿಕದಲ್ಲಿ ಕದ್ದ ಹೆಸರು ಬಳಸಿ ಆನ್‌ಲೈನ್ ಕೋರ್ಸಿಗೆ ಸೇರಿ, ವಿದ್ಯಾರ್ಥಿಗಳಿಗೆ ಕೊಡುವ ನೆರವಿನ ಹಣ, ಸಾಲದ ಹಣ ಕೈಗೆ ಬಂದ ಕೂಡಲೇ ಮಾಯ ಆಗುವ ಗುಂಪುಗಳಿವೆ. ಇಂಗ್ಲೆಂಡಿನಲ್ಲಿ 2000ದಲ್ಲಿ ದೊಡ್ಡವರ ಕಲಿಕೆಗೆ ಅಂತ ಒಬ್ಬೊಬ್ಬರಿಗೂ ಒಂದು ಕಲಿಕಾ ಖಾತೆ, ಅಂದರೆ ಕೋರ್ಸಿನ ಫೀಸಿಗೆ ಸರ್ಕಾರದ ಹಣ ಸಿಗುವ ಖಾತೆ, ತೆರೆದರು. ಪಾಠ ಹೇಳುತ್ತೇವೆ ಅಂತ ಬಂದವರ ಗುಣಮಟ್ಟವನ್ನು ಸರಿಯಾಗಿ ನೋಡದೆ ಸೇರಿಸಿಕೊಂಡರು. 2001ರ ನವೆಂಬರ್‌ನಲ್ಲಿ ಖಾತೆ ಸಂಖ್ಯೆಗಳು ಮಾರಾಟಕ್ಕಿವೆ ಅಂತ ಗೊತ್ತಾಗಿ ಯೋಜನೆಯನ್ನೇ ಮುಚ್ಚಬೇಕಾಯಿತು. ವಂಚನೆ ಮತ್ತು ದುರುಪಯೋಗದಿಂದ ಸುಮಾರು 9.7 ಕೋಟಿ ಪೌಂಡ್ ಹೋಯಿತು ಅಂತ ಅಲ್ಲಿನ ಲೆಕ್ಕಪರಿಶೋಧಕರು ಅಂದಾಜು ಮಾಡಿದರು. ಯೋಜನೆ ಮುಚ್ಚಿದಾಗ ನಿಯತ್ತಿನಿಂದ ಕಲಿಯುತ್ತಿದ್ದವರಿಗೂ ಬಾಗಿಲು ಮುಚ್ಚಿತು ನೋಡು. ನನಗೆ ಜಾಸ್ತಿ ಸಂಕಟ ಆಗುವುದು ಅದಕ್ಕೆ.

ಇಂಥ ಕೇಸಿನಲ್ಲಿ ಹೆಸರಿನ ಹಿಂದೆ ಹೋಗಬೇಡ, ಹೆಸರು ಎಷ್ಟು ಬೇಕಾದರೂ ಹುಟ್ಟಿಸಬಹುದು. ಹಣ ಕೊನೆಗೆ ಎಲ್ಲಿ ಕೂತಿತು ನೋಡು. ನೂರು ವಿದ್ಯಾರ್ಥಿಗಳ ಖಾತೆಗೆ ಒಂದೇ ಮೊಬೈಲ್ ನಂಬರ್, ಹಣ ಬಂದ ದಿನವೇ ಒಂದೇ ಜಾಗದಲ್ಲಿ ಡ್ರಾ, ಒಂದೇ ವಿಳಾಸದಲ್ಲಿ ನಲವತ್ತು ಮಕ್ಕಳು. ಆಮೇಲೆ ಆ ವಿಳಾಸಕ್ಕೆ ನೀನೇ ಹೋಗು, ಬೇರೆಯವರನ್ನು ಕಳಿಸಬೇಡ. ಇನ್ನೊಂದು ಮಾತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ಹುಡುಗ, ಹುಡುಗಿ ಆರೋಪಿ ಆಗುವುದಿಲ್ಲ. ತಮ್ಮ ಹೆಸರಲ್ಲಿ ಸಾಲ ಇದೆ ಅಂತ ನೋಟಿಸು ಬಂದಾಗಲೇ ಮೊದಲ ಸಲ ಗೊತ್ತಾಗುವವರು ಇರುತ್ತಾರೆ. ಅವರ ಮನೆಗೆ ಹೋದಾಗ ಮೊದಲು ಕೂತುಕೊ, ನೀನು ಯಾಕೆ ಬಂದಿದ್ದೀಯ ಅಂತ ಅವರಿಗೆ ಅರ್ಥ ಆಗುವ ಹಾಗೆ ಹೇಳು, ಆಮೇಲೆ ಪ್ರಶ್ನೆ.

ಎಲ್ಲ ವಂಚನೆಯೂ ಹಣದ್ದಲ್ಲ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಮಕ್ಕಳ ಪರೀಕ್ಷೆಯ ಅಂಕ ಇದ್ದಕ್ಕಿದ್ದ ಹಾಗೆ ಏರಿತು. ಉತ್ತರ ಪತ್ರಿಕೆಯಲ್ಲಿ ರಬ್ಬರಿನಿಂದ ಅಳಿಸಿದ ಗುರುತುಗಳನ್ನು ಯಂತ್ರದಲ್ಲಿ ಎಣಿಸಿದರೆ, ತಪ್ಪು ಉತ್ತರ ಅಳಿಸಿ ಸರಿ ಉತ್ತರ ಗುರುತು ಮಾಡಿದ್ದು ಮಿತಿಮೀರಿ ಇತ್ತು. 2011ರ ತನಿಖಾ ವರದಿ 44 ಶಾಲೆಗಳಲ್ಲಿ ಮೋಸ ನಡೆದಿದೆ, 178 ಶಿಕ್ಷಕರು ಮತ್ತು ಮುಖ್ಯಸ್ಥರು ಭಾಗಿ ಅಂತ ಹೇಳಿತು. ಗುರಿ ಮುಟ್ಟದಿದ್ದರೆ ಕೆಲಸ ಹೋಗುತ್ತೆ ಎಂಬ ಭಯ ಮೇಲಿನಿಂದ ಕೆಳಗಿನವರೆಗೆ ಇತ್ತು. ಓದಲು ಬಾರದ ಮಗುವಿಗೆ ಪಾಸು ಅಂತ ಬರೆದರೆ, ಅದಕ್ಕೆ ಸಿಗಬೇಕಿದ್ದ ಹೆಚ್ಚುವರಿ ಪಾಠವೂ ಸಿಗುವುದಿಲ್ಲ. ಅದು ಕದ್ದ ಹಾಗೇ ಅಲ್ವಾ? ಆದರೆ ಅಂಥ ಕಡೆ ಅಳಿಸಿದ ಟೀಚರ್ ಹೆಸರು ಬರೆದುಕೊಂಡು ವಾಪಸ್ ಬರಬೇಡ. ಅಳಿಸು ಅಂದವರು ಯಾರು ಅಂತ ಕೇಳು. ಕೆಳಗಿನವರು ಬೇಗ ಸಿಕ್ಕಿಬೀಳುತ್ತಾರೆ, ಅವರ ಸಹಿ ಇರುತ್ತೆ. ಮೇಲಿನವರು ಬಾಯಿಮಾತಲ್ಲಿ ಹೇಳಿರುತ್ತಾರೆ.

ಮಕ್ಕಳನ್ನು ಮಾತಾಡಿಸುವಾಗ ತುಂಬ ಜೋಪಾನ. ಟೀಚರ್ ಎದುರಿಗೆ ನಿಲ್ಲಿಸಿ, ನಿನಗೆ ಪುಸ್ತಕ ಕೊಟ್ಟರಾ ಅಂತ ಕೇಳಿದರೆ ಕೊಟ್ಟರು ಅಂತಲೇ ಹೇಳುತ್ತೆ. ನಿನ್ನ ಚೀಲದಲ್ಲಿ ಏನೇನಿದೆ ತೋರಿಸು ಅಂದರೆ ಸಾಕು. ಮಗು ನಂಬುವ ದೊಡ್ಡವರೊಬ್ಬರು ಪಕ್ಕದಲ್ಲಿರಲಿ. ಉತ್ತರ ನೀನೇ ಬಾಯಿಗೆ ಹಾಕಬೇಡ. ನೀನು ಹೊರಟುಹೋದ ಮೇಲೂ ಆ ಮಗು ಅದೇ ತರಗತಿಯಲ್ಲಿ ಕೂರಬೇಕು, ಅದು ನೆನಪಿರಲಿ.

ದಿನಚರಿ ಅವತ್ತೇ ಬರೆ. ಸಮಯ, ಯಾರಿದ್ದರು, ಕಪಾಟಿನ ಬೀಗದ ಕೈ ಯಾರ ಹತ್ತಿರ ಇತ್ತು, ಎಲ್ಲ. ಕೇಸು ಕೋರ್ಟಿಗೆ ಬರುವುದು ಐದಾರು ವರ್ಷದ ಮೇಲೆ, ಆಗ ನಿನ್ನ ನೆನಪು ಉಪಯೋಗಕ್ಕೆ ಬರುವುದಿಲ್ಲ. ದಾಖಲೆಯ ಮೂಲ ಪ್ರತಿ ತೆಗೆದುಕೊಂಡರೆ ರಸೀದಿ ಕೊಡು, ಮಕ್ಕಳಿಗೆ ಟಿಸಿ ಬೇಕಾಗುತ್ತೆ, ಅದಕ್ಕೊಂದು ನಕಲು ಶಾಲೆಯಲ್ಲೇ ಬಿಡು. ಕಂಪ್ಯೂಟರ್ ನೀನೇ ತೆರೆದು ನೋಡಲು ಹೋಗಬೇಡ, ತಿಳಿದವರಿಂದ ಪ್ರತಿ ಮಾಡಿಸು.

ಸುಳಿವು ಕೊಡುವವರು ಸಾಮಾನ್ಯವಾಗಿ ತೀರಾ ಸಣ್ಣ ಕೆಲಸದವರು. ಅಡುಗೆಯವರು, ಗುಮಾಸ್ತರು, ಹೊಸದಾಗಿ ಸೇರಿದ ಟೀಚರ್. ಅವರಿಗೆ ಕೆಲಸ ಹೋದರೆ ಒಲೆ ಉರಿಯುವುದಿಲ್ಲ. ಅವರ ಹೆಸರು ನಿನ್ನ ಡೈರಿಯಲ್ಲೂ ಸುಮ್ನೆ ಬಿದ್ದಿರಬಾರದು, ಇಲಾಖೆಯ ನಿಯಮ ಎಲ್ಲಿ ಬರೆಯಬೇಕು ಅನ್ನುತ್ತೋ ಅಲ್ಲಿ ಮಾತ್ರ. ಶಾಲೆಗೆ ಹೋದಾಗ ಅವರ ಕಡೆ ನೋಡಿ ನಗಲೂ ಬೇಡ. ಹತ್ತು ಜನರನ್ನು ಮಾತಾಡಿಸು, ಆ ಹತ್ತರಲ್ಲಿ ಅವರೂ ಒಬ್ಬರಾಗಿರಲಿ.

ಫೈಲು ಮುಚ್ಚು ಅಂತ ಮೇಲಿನವರು ಹೇಳುವ ದಿನವೂ ಬರುತ್ತೆ. ಜಗಳ ಆಡಬೇಡ, ಪತ್ರಿಕೆಯವರ ಹತ್ತಿರ ಓಡಬೇಡ. ನಿನಗೆ ಸಿಕ್ಕಿದ್ದೇನು, ಇನ್ನೂ ನೋಡಬೇಕಾದದ್ದೇನು ಅಂತ ಫೈಲಿನಲ್ಲೇ ತಾರೀಖು ಹಾಕಿ ಬರೆದು ಮೇಲೆ ಕಳಿಸು. ಮುಚ್ಚುವವರು ಅದರ ಕೆಳಗೆ ಸಹಿ ಹಾಕಿ ಮುಚ್ಚಲಿ. ನಾನು ಹಾಗೆ ಬರೆದಿಟ್ಟ ಒಂದು ಫೈಲು ಏಳು ವರ್ಷ ಬಿಟ್ಟು, ಬೇರೆ ಅಧಿಕಾರಿ ಬಂದಮೇಲೆ ತೆರೆಯಿತು. ಅಷ್ಟರಲ್ಲಿ ನನಗೆ ಎರಡು ಸಲ ವರ್ಗ ಆಗಿತ್ತು, ಅದು ಬೇರೆ ಮಾತು. ಗುತ್ತಿಗೆದಾರರ ಗಾಡಿ ಮಾತ್ರ ಹತ್ತಬೇಡ. ಬಸ್ಸು ತಪ್ಪಿದರೂ ಸರಿ, ಕತ್ತಲಾದರೂ ಸರಿ.

ಸೋಮವಾರ ನಿನ್ನ ಮೊದಲ ಶಾಲೆ ಅಂತ ಅಮ್ಮ ಹೇಳಿದಳು. ಬೆಲ್ ಹೊಡೆಯುವ ಅರ್ಧ ಗಂಟೆ ಮುಂಚೆ ಗೇಟಿನ ಹತ್ತಿರ ನಿಂತುಕೊ. ಒಳಗೆ ಬರುವ ಮಕ್ಕಳನ್ನು ಎಣಿಸು, ಚೀಟಿಯಲ್ಲಿ ಬರೆದುಕೊ, ಆಮೇಲೆ ಒಳಗೆ ಹೋಗಿ ಹಾಜರಿ ಪುಸ್ತಕ ಕೇಳು. ಸಂಜೆ ಫೋನ್ ಮಾಡಿದಾಗ ಕೇಸಿನ ವಿಷಯ ನನಗೂ ಹೇಳಬೇಡ, ನಾನು ಕೇಳುವುದೂ ಇಲ್ಲ. ಊಟ ಆಯಿತಾ ಅಂತ ಕೇಳುತ್ತೇನೆ, ಅಷ್ಟಕ್ಕೆ ಉತ್ತರ ಕೊಡು.

ಇಂತಿ ನಿನ್ನ,
ದೊಡ್ಡಮ್ಮ