ಗೋಡೆ ಬೀಳಲಿ ಬಿಡು, ಪುಟ್ಟಿ
ಪುಟ್ಟಿ,

ಫೋನಿನಲ್ಲಿ ಮಾತಿಗೆ ಮಾತು ಬೆಳೆಯಿತು, ಅದಕ್ಕೇ ಬರೆಯುತ್ತಿದ್ದೇನೆ. ಮಲಗುವ ಹೊತ್ತಿನಲ್ಲಿ ನಿನ್ನ ಮಗುವಿಗೆ ಕೊಂಬೆ ಮುರಿದು ತೊಟ್ಟಿಲು ಬೀಳುವ ಹಾಡು ಹೇಳಿದ್ದು ನನ್ನದೇ ತಪ್ಪು. ಕತ್ತಲಲ್ಲಿ ಮಗುವಿಗೆ ನಮ್ಮ ಮುಖ ಕಾಣುವುದಿಲ್ಲ. ಮುಖ ಕಾಣದೆ ಅದು ತಮಾಷೆಯೋ ನಿಜವೋ ಎಂದು ತಿಳಿಯುವುದಾದರೂ ಹೇಗೆ? ನೀನು ಗಮನಿಸಿದೆಯಲ್ಲ, ಹೆಮ್ಮೆಯಾಯಿತು.

ಆದರೆ ‘ರಿಂಗಾ ರಿಂಗಾ ರೋಸಸ್’ ಪ್ಲೇಗಿನ ಹಾಡು ಅಂತ ಕಳಿಸಿದೆಯಲ್ಲ, ಅದನ್ನು ಒಪ್ಪಲಾರೆ. ಲಂಡನ್ನಿನ ದೊಡ್ಡ ಪ್ಲೇಗು 1665ರದ್ದು. ಇಂಗ್ಲೆಂಡಿನಲ್ಲಿ ಹಾಡು ಅಚ್ಚಾದದ್ದು 1881ರಲ್ಲಿ. ಸೀನುವುದು ರೋಗದ ಲಕ್ಷಣ, ಕೊನೆಗೆ ಬೀಳುವುದು ಸಾವು ಎನ್ನುತ್ತಾರೆ. ಆದರೆ ಹಾಡಿನ ಹಳೆಯ ಎಷ್ಟೋ ರೂಪಗಳಲ್ಲಿ ಸೀನುವುದೇ ಇಲ್ಲ, ಕೆಲವದರಲ್ಲಿ ಕೊನೆಗೆ ಬೀಳುವುದೂ ಇಲ್ಲ, ಮೊಣಕಾಲು ಬಗ್ಗಿಸಿ ವಂದಿಸುತ್ತಾರೆ ಅಷ್ಟೆ. ಪ್ಲೇಗಿನ ಕಥೆ ಇಪ್ಪತ್ತನೇ ಶತಮಾನದಲ್ಲಿ ಅಂಟಿಕೊಂಡದ್ದು.

ನನ್ನ ಹೆದರಿಕೆ ಬೇರೆ. ಇಂಥ ಪದ್ಯಗಳನ್ನೆಲ್ಲ ನೀನು ತಿದ್ದಿ ಮೆತ್ತಗೆ ಮಾಡಿಬಿಡುತ್ತೀಯೇನೋ ಎಂದು. ಉದಾಹರಣೆಗೇ ಕಟ್ಟಿದ ಎರಡು ಸಾಲು ನೋಡು:

ಗುಂಡನು ಹತ್ತಿದ ಗೋಡೆಯ ಮೇಲೆ
ಗೋಡೆಯು ಕುಸಿಯಿತು ಮುಗಿಯಿತು ಲೀಲೆ

ಸಾಲಿಗೆ ನಾಲ್ಕು ಗಣ, ಗಣಕ್ಕೆ ನಾಲ್ಕು ಮಾತ್ರೆ, ಸಾಲಿನ ಕೊನೆಯ ಅಕ್ಷರವನ್ನು ಎಳೆದು ಹೇಳಿದರೆ. ‘ಮೇಲೆ’ ಎನ್ನುತ್ತಲೇ ಕಿವಿ ಪ್ರಾಸಕ್ಕೆ ಕಾಯುತ್ತದೆ. ‘ಲೀಲೆ’ ಬಂದು ಕೂತಾಗ ನಗು ಬರುವುದು ಗುಂಡ ಸತ್ತನೆಂದಲ್ಲ, ಅಂಥ ದೊಡ್ಡ ಸುದ್ದಿ ಅಷ್ಟು ಚಿಕ್ಕ ಜಾಗದಲ್ಲಿ ಸಲೀಸಾಗಿ ಹಿಡಿಸಿತಲ್ಲ, ಅದಕ್ಕೆ. ಈಗ ‘ಗೋಡೆಯು ಕುಸಿಯಿತು, ಗುಂಡ ಹುಷಾರಾಗಿದ್ದ’ ಎಂದು ಹೇಳಿ ನೋಡು. ತಾಳ ತಪ್ಪಿತು, ಪ್ರಾಸ ಹೋಯಿತು. ಮಗು ನಗುವುದಿಲ್ಲ, ‘ಯಾಕೆ ಹುಷಾರಾಗಿದ್ದ?’ ಎಂದು ಕೇಳುತ್ತದೆ. ಗೋಡೆ ಬೀಳಲೇಬೇಕು ಪುಟ್ಟಿ. ಗೋಡೆ ಬೀಳದಿದ್ದರೆ ಪದ್ಯವೇ ಇಲ್ಲ.

ಹೇಳುವುದಕ್ಕೂ ಒಂದು ಹದ ಇದೆ. ಹಗಲು ಹೊತ್ತು, ಮಗು ನಿನ್ನ ತೊಡೆಯ ಮೇಲೆ, ಮುಖ ನಿನ್ನ ಕಡೆಗೆ. ಎರಡೂ ಕಂಕುಳ ಕೆಳಗೆ ಕೈ ಭದ್ರವಾಗಿರಲಿ. ‘ಕುಸಿಯಿತು’ ಎನ್ನುವಾಗ ಮಂಡಿ ಸ್ವಲ್ಪ ಅಗಲಿಸಿ ಒಂದು ಗೇಣು ಕೆಳಗಿಳಿಸು, ಸಾಕು. ಕುಲುಕಬಾರದು. ಕತ್ತು ಇನ್ನೂ ನಿಲ್ಲದ ಕೂಸಿಗಂತೂ ಈ ಆಟ ಬೇಡವೇ ಬೇಡ. ದನಿ ನಡುಗಿಸಬೇಡ, ಕಣ್ಣು ಅರಳಿಸಬೇಡ. ಹಾಲು ಉಕ್ಕಿತು ಅನ್ನುವಷ್ಟೇ ಸಹಜವಾಗಿ ಹೇಳಿಬಿಡು. ಅಭಿನಯ ಹೆಚ್ಚಾದಷ್ಟೂ ಹೆದರಿಕೆ ಹೆಚ್ಚು. ‘ಅದಕ್ಕೇ ಗೋಡೆ ಹತ್ತಬಾರದು’ ಎಂದು ಕೊನೆಗೆ ಬುದ್ಧಿವಾದ ಸೇರಿಸಿದರೆ ಮುಗಿಯಿತು, ಮತ್ತೆ ಮಗು ಆ ಪದ್ಯ ಕೇಳುವುದಿಲ್ಲ. ನೋಡು, ನಿನಗೆ ನಾನೇ ಬುದ್ಧಿವಾದ ಶುರುಮಾಡಿದೆ.

ತುಟಿ ಬಿಗಿದರೆ, ಮೈ ಬಿರುಸಾದರೆ ಅಲ್ಲಿಗೇ ನಿಲ್ಲಿಸು. ‘ಗುಂಡ ಸತ್ತನಾ?’ ಎಂದು ಕೇಳಿದರೆ ಮಾತು ಮರೆಸಬೇಡ. ‘ಹೂಂ, ಪದ್ಯದಲ್ಲಿ ಸತ್ತ. ಮತ್ತೆ ಹೇಳಿದರೆ ಮತ್ತೆ ಗೋಡೆ ಹತ್ತುತ್ತಾನೆ’ ಅನ್ನು. ಮತ್ತೆ ಹೇಳು ಎಂದರೆ ಹೇಳು. ಬೇಡ ಎಂದರೆ ಬಿಡು.

ತೊಟ್ಟಿಲಿನ ಹಾಡು ಇನ್ನು ರಾತ್ರಿ ಹೇಳುವುದಿಲ್ಲ. ಶನಿವಾರ ಬಂದಾಗ ಬೆಳಕಿರುವಾಗಲೇ ಹೇಳುತ್ತೇನೆ, ನೀನೂ ಎದುರಿಗೇ ಕೂತಿರು.

ಅಮ್ಮ