ವಾಕ್ಯ ದೇಹವಾಯಿತೋ, ಗ್ರಂಥವಾಯಿತೋ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕ್ರೈಸ್ತ ನಂಬಿಕೆಯನ್ನು ತತ್ತ್ವಶಾಸ್ತ್ರದ ಕಡೆಯಿಂದ ಓದಬೇಕು, ಪಕ್ಕದಲ್ಲಿ ಇಸ್ಲಾಮನ್ನೂ ಇಟ್ಟುಕೊಂಡು ನೋಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀಯ. ಜೊತೆಗೆ ಒಂದು ಪಟ್ಟಿಯನ್ನೂ ಮಾಡಿ ಕಳಿಸಿದ್ದೀಯ: ಬೈಬಲ್ಲಿನ ಎದುರು ಕುರ್‌ಆನ್, ಯೇಸುವಿನ ಎದುರು ಮುಹಮ್ಮದ್, ಚರ್ಚಿನ ಎದುರು ಮಸೀದಿ, ಕೊನೆಗೆ 'ಕ್ರೈಸ್ತರ ಜನ್ಮಪಾಪ' ಎಂದೊಂದು ಸಾಲು. ಪಟ್ಟಿ ಅಚ್ಚುಕಟ್ಟಾಗಿದೆ ಮಾರಾಯ, ಆದರೆ ಮೊದಲ ಎರಡು ಸಾಲೂ ತಪ್ಪು. ಅವನ್ನು ಸರಿಪಡಿಸಿಕೊಳ್ಳದೆ ಎಷ್ಟು ಓದಿದರೂ ಲೆಕ್ಕ ತಾಳೆಯಾಗುವುದಿಲ್ಲ.

ಇಸ್ಲಾಮಿನಲ್ಲಿ ದೇವರ ಮಾತು ಇಳಿದು ಬಂದದ್ದು ಗ್ರಂಥವಾಗಿ. 610ರಿಂದ 632ರವರೆಗೆ ಪ್ರವಾದಿಗೆ ಇಳಿದ ಅರಬ್ಬಿ ಮಾತೇ 114 ಸೂರಾಗಳ (ಅಧ್ಯಾಯಗಳ) ಕುರ್‌ಆನ್. ಕ್ರೈಸ್ತರಲ್ಲಿ ದೇವರ ಮಾತು ಬಂದದ್ದು ಮನುಷ್ಯನಾಗಿ. ಸುವಾರ್ತೆಗಳು ಆ ಮನುಷ್ಯನನ್ನು ಕುರಿತು ಬೇರೆಯವರು ಬರೆದ ಸಾಕ್ಷ್ಯ. ಹಾಗಾಗಿ ಕುರ್‌ಆನಿನ ಎದುರು ನಿಲ್ಲಬೇಕಾದದ್ದು ಯೇಸು. ಮಾತನ್ನು ತನ್ನಿಂದ ಏನೂ ಬೆರೆಸದೆ ಜಗತ್ತಿಗೆ ತಂದ ಪ್ರವಾದಿ ಮುಹಮ್ಮದರ ಎದುರು ಕೂರುವವಳು ಯೇಸುವಿನ ತಾಯಿ ಮರಿಯಳು. ಒಬ್ಬರು ಓದುಬರಹ ಕಲಿಯದವರು, ಇನ್ನೊಬ್ಬಳು ಕನ್ಯೆ. ಪಾತ್ರೆ ಶುದ್ಧವಾಗಿತ್ತು, ತುಂಬಿದ್ದು ಮೇಲಿನಿಂದ ಎಂದು ಎರಡೂ ಕಡೆಯವರು ಹೇಳುವ ಬಗೆ ಇದು. ಇನ್ನು ನಾಲ್ಕು ಸುವಾರ್ತೆಗಳಿಗೆ ಸಮನಾಗಿ ನಿಲ್ಲುವುದು ಹದೀಸ್ (ಪ್ರವಾದಿಯ ನಡೆನುಡಿಯ ವರದಿಗಳು) ಮತ್ತು ಪ್ರವಾದಿಯ ಜೀವನಚರಿತ್ರೆ. ಮಾರ್ಕ ಒಂದು ರೀತಿ, ಲೂಕ ಒಂದು ರೀತಿ ಬರೆದರೆ ಕ್ರೈಸ್ತನ ನಿದ್ದೆ ಕೆಡುವುದಿಲ್ಲ. ಕುರ್‌ಆನಿನ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಮುಸ್ಲಿಮನ ನಿದ್ದೆ ಕೆಡುತ್ತದೆ. ಅರ್ಧದಷ್ಟು ಜಗಳಗಳು ಹುಟ್ಟುವುದೇ ಈ ವ್ಯತ್ಯಾಸ ಗೊತ್ತಿಲ್ಲದೆ.

ಈಗ ಆ 'ಮಾತಿ'ನ ಹಿಂದೆ ಹೋಗೋಣ. ಯೋಹಾನನ ಸುವಾರ್ತೆ ತೆರೆದರೆ ಮೊದಲ ಸಾಲಿನಲ್ಲೇ 'ವಾಕ್ಯ' ಸಿಗುತ್ತದೆ. ಕನ್ನಡದಲ್ಲಿ ಓದುವವನಿಗೆ ಕರ್ತೃ-ಕರ್ಮ-ಕ್ರಿಯಾಪದ ನೆನಪಾಗಿ ದಾರಿ ತಪ್ಪುತ್ತದೆ. ಮೂಲ ಗ್ರೀಕಿನಲ್ಲಿ ಇರುವುದು ಲೋಗೋಸ್: ಮಾತು, ವಿವೇಕ, ಲೆಕ್ಕ, ಕಾರಣ ಎಲ್ಲವೂ ಸೇರಿದ ಪದ. ನಮ್ಮ 'ವಾಕ್' ಅದಕ್ಕೆ ಹತ್ತಿರ. ಕ್ರಿ.ಪೂ. 500ರ ಆಸುಪಾಸಿನಲ್ಲಿ ಎಫೆಸದ ಹೆರಾಕ್ಲಿಟಸ್, ಎಲ್ಲವೂ ಬದಲಾಗುವ ಜಗತ್ತಿನಲ್ಲಿ ಬದಲಾಗದ ಕ್ರಮಕ್ಕೆ ಈ ಹೆಸರಿಟ್ಟ. ಮುಂದೆ ಬಂದ ಸ್ಟೋಯಿಕ್ ಪಂಥದ ಗ್ರೀಕ್ ತತ್ತ್ವಜ್ಞಾನಿಗಳಿಗೆ ಅದು ಜಗತ್ತಿನೊಳಗೇ ಹರಿಯುವ ವಿವೇಕ. ಯೇಸುವಿನ ಕಾಲದಲ್ಲೇ ಬದುಕಿದ್ದ ಅಲೆಕ್ಸಾಂಡ್ರಿಯದ ಯಹೂದಿ ಫಿಲೋಗೆ, ಕಣ್ಣಿಗೆ ಕಾಣದ ದೇವರಿಗೂ ಮಣ್ಣಿನ ಜಗತ್ತಿಗೂ ನಡುವೆ ನಿಂತದ್ದು ಅದೇ. ಇವರಲ್ಲಿ ಯಾರೂ ಆಡದ ಮಾತು ಯೋಹಾನ 1:14ರಲ್ಲಿದೆ: ಲೋಗೋಸ್ ಮಾಂಸವಾಯಿತು. ಲ್ಯಾಟಿನ್ ಕ್ರೈಸ್ತ ಚಿಂತಕ ಅಗಸ್ಟೀನ್ ತನ್ನ 'ಕನ್ಫೆಶನ್ಸ್'ನ ಏಳನೆಯ ಭಾಗದಲ್ಲಿ ಇದನ್ನೇ ಬರೆದ: ಆದಿಯಲ್ಲಿ ವಾಕ್ಯವಿತ್ತು ಎಂಬುದರ ತಾತ್ಪರ್ಯ ಪ್ಲೇಟೋವಾದಿಗಳ ಪುಸ್ತಕಗಳಲ್ಲಿ ಸಿಕ್ಕಿತು, ವಾಕ್ಯ ಮಾಂಸವಾಯಿತು ಎಂಬುದು ಅಲ್ಲಿ ಸಿಗಲಿಲ್ಲ. ಕ್ರೈಸ್ತ ನಂಬಿಕೆ ಗ್ರೀಕ್ ತತ್ತ್ವದಿಂದ ಏನನ್ನು ಎರವಲು ಪಡೆಯಿತು, ಎಲ್ಲಿ ಅದನ್ನು ಬಿಟ್ಟು ನಡೆಯಿತು ಎಂದು ತಿಳಿಯಲು ಆ ಒಂದು ಪುಟ ಸಾಕು.

ಮಾತು ನಿತ್ಯವೋ ಅನಿತ್ಯವೋ ಎಂಬ ವ್ಯಾಜ್ಯ ನಮಗೇನೂ ಹೊಸದಲ್ಲ. ವೇದ ಅಪೌರುಷೇಯ, ಶಬ್ದ ನಿತ್ಯ ಎಂದು ಮೀಮಾಂಸಕರು. ಶಬ್ದ ಹುಟ್ಟಿ ಅಳಿಯುವಂಥದ್ದು, ವೇದಕ್ಕೆ ಈಶ್ವರನೇ ಕರ್ತೃ ಎಂದು ನೈಯಾಯಿಕರು. ಆದರೆ ಹೋಲಿಕೆಯನ್ನು ಹೆಚ್ಚು ಎಳೆಯಬೇಡ. ಮೀಮಾಂಸಕರ ವೇದಕ್ಕೆ ಹೇಳಿದವನೇ ಇಲ್ಲ. ಕುರ್‌ಆನಿಗೆ ಹೇಳಿದವನು ಇದ್ದಾನೆ.

ಇನ್ನೊಂದು ವಿಚಿತ್ರ ನೋಡು. ಒಂದೇ ಜಗಳ ಎರಡು ಮನೆಗಳಲ್ಲಿ ಐನೂರು ವರ್ಷಗಳ ಅಂತರದಲ್ಲಿ ನಡೆದಿದೆ. ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್, ಮಗನು (ಅಂದರೆ ಕ್ರಿಸ್ತ) 'ಇಲ್ಲದಿದ್ದ ಒಂದು ಹೊತ್ತಿತ್ತು' ಎಂದ. ಅಂದರೆ ದೇವರ ವಾಕ್ಯವೂ ಸೃಷ್ಟಿಯೇ. 325ರಲ್ಲಿ ನೈಸಿಯಾದಲ್ಲಿ, ಇಂದಿನ ಟರ್ಕಿಯ ಇಜ್ನಿಕ್‌ನಲ್ಲಿ, ಬಿಷಪ್ಪರು ಸೇರಿ ಅದನ್ನು ತಳ್ಳಿಹಾಕಿದರು. ಮಗನು ತಂದೆಯೊಡನೆ ಏಕಸತ್ತ್ವದವನು, 'ಹುಟ್ಟಿದವನು, ಉಂಟುಮಾಡಲ್ಪಟ್ಟವನಲ್ಲ' ಎಂದು ಬರೆದರು. 833ರಲ್ಲಿ ಖಲೀಫ ಅಲ್-ಮಾಮೂನ್, ಕುರ್‌ಆನ್ ಸೃಷ್ಟಿಯಾದದ್ದು ಎಂದು ಒಪ್ಪಲೇಬೇಕೆಂದು ನ್ಯಾಯಾಧೀಶರನ್ನೂ ವಿದ್ವಾಂಸರನ್ನೂ ವಿಚಾರಣೆಗೆ ಎಳೆದ. ಇದಕ್ಕೆ ಮಿಹ್ನಾ ಎಂದು ಹೆಸರು. ಒಪ್ಪದ ಅಹ್ಮದ್ ಇಬ್ನ್ ಹಂಬಲ್ ಮುಂದಿನ ಖಲೀಫನ ಕಾಲದಲ್ಲಿ ಚಾಟಿಯೇಟು ತಿಂದರು. ಅಲ್-ಮಾಮೂನನ ವಾದದಲ್ಲಿ ಒಂದು ಮೊನೆಯಿತ್ತು: ಕುರ್‌ಆನ್ ಸೃಷ್ಟಿಯಾದದ್ದಲ್ಲ ಎನ್ನುವವರು, ಈಸಾ (ಯೇಸುವಿನ ಅರಬ್ಬಿ ಹೆಸರು) ದೇವರ ಮಾತಾದ್ದರಿಂದ ಸೃಷ್ಟಿಯಲ್ಲ ಎನ್ನುವ ಕ್ರೈಸ್ತರ ಹಾಗೆಯೇ ಆಗುತ್ತಾರೆ. ಖಲೀಫನ ಪಕ್ಷ ಕೊನೆಗೆ ಸೋತಿತು. ಸುನ್ನಿ ಪರಂಪರೆಯ ಮುಖ್ಯಧಾರೆ ಕುರ್‌ಆನ್ ಅನಾದಿ ಎಂದೇ ನಿಂತಿತು. ಅಶ್‌ಅರಿ ಪಂಥದವರು ದೇವರ ಗುಣಗಳ ಬಗ್ಗೆ 'ಅವು ಅವನೂ ಅಲ್ಲ, ಅವನಿಗಿಂತ ಬೇರೆಯೂ ಅಲ್ಲ' ಎಂಬ ಸೂತ್ರ ಕಟ್ಟಿದರು. ಈ ಸಾಲನ್ನೂ ನೈಸಿಯಾದ ಸಾಲನ್ನೂ ಅಕ್ಕಪಕ್ಕ ಬರೆದಿಟ್ಟುಕೋ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಗುಣಕ್ಕೆ ಯಾರೂ ಪ್ರಾರ್ಥನೆ ಮಾಡುವುದಿಲ್ಲ, ಮಗನಿಗೆ ಮಾಡುತ್ತಾರೆ. ಆದರೂ ಏಕದೇವನಲ್ಲಿ ನಿತ್ಯವಾದ ಮಾತೊಂದಿದೆ ಎಂದೊಡನೆ ಯಾವ ಗಂಟು ಬೀಳುತ್ತದೋ ಅದು ಇಬ್ಬರಿಗೂ ಬಿದ್ದಿದೆ.

ಪ್ರಾಚೀನ ಲೋಕದೃಷ್ಟಿಗಳನ್ನು ಓದುವಾಗ ಆದಿಕಾಂಡದ ಒಂದನೆಯ ಅಧ್ಯಾಯವನ್ನು ಬ್ಯಾಬಿಲೋನಿನ 'ಎನೂಮಾ ಎಲಿಶ್' ಪಕ್ಕದಲ್ಲಿಡು. ಏಳು ಮಣ್ಣಿನ ಫಲಕಗಳ ಆ ಕಾವ್ಯದಲ್ಲಿ ಮರ್ದುಕ್ ಕಡಲದೇವಿ ತಿಯಾಮತ್‌ಳನ್ನು ಕೊಂದು, ಮೈಯನ್ನು ಸೀಳಿ, ಅರ್ಧದಿಂದ ಆಕಾಶ ಮಾಡುತ್ತಾನೆ. ದೇವತೆಗಳ ಚಾಕರಿಗೆಂದು ಕಿಂಗು ಎಂಬವನ ರಕ್ತದಿಂದ ಮನುಷ್ಯ ಹುಟ್ಟುತ್ತಾನೆ. ಆದಿಕಾಂಡದಲ್ಲಿ ಆಳವಾದ ನೀರಿಗೆ ಇರುವ ಹೀಬ್ರೂ ಪದ 'ತೆಹೋಮ್', ತಿಯಾಮತ್‌ನ ನಂಟಿನದು. ಆದರೆ ಅಲ್ಲಿ ಯುದ್ಧವಿಲ್ಲ, ಹೆಣವಿಲ್ಲ. ಸೂರ್ಯಚಂದ್ರರಿಗೆ ಹೆಸರನ್ನೂ ಕೊಡದೆ 'ದೊಡ್ಡ ಬೆಳಕು, ಸಣ್ಣ ಬೆಳಕು' ಎಂದು ಮುಗಿಸಿದ್ದಾರೆ. ನೆರೆಯವರು ಪೂಜಿಸುತ್ತಿದ್ದವನ್ನು ದೀಪದ ಮಟ್ಟಕ್ಕೆ ಇಳಿಸಿದ ಹಾಗೆ. ಇದನ್ನು ಭೂಗರ್ಭಶಾಸ್ತ್ರದ ಪಾಠವೆಂದು ಓದುವವರು ಈ ಚಾಟಿಯನ್ನೇ ನೋಡದೆ ಹೋಗುತ್ತಾರೆ.

ಗ್ರೀಕರ ಕಡೆ, ಪ್ಲೇಟೋವಿನ 'ಟಿಮೇಯಸ್'ನ ಕುಶಲಕರ್ಮಿ ದೇವರು ಮೊದಲೇ ಇದ್ದ ದ್ರವ್ಯಕ್ಕೆ ಕ್ರಮ ಕೊಡುತ್ತಾನೆ. ಅರಿಸ್ಟಾಟಲನ ಜಗತ್ತಿಗೆ ಆರಂಭವೇ ಇಲ್ಲ. ಜೀವವೂ ಜಡವೂ ಅನಾದಿ, ಆದರೆ ವಿಷ್ಣುವಿನ ಅಧೀನ ಎನ್ನುವ ಮಧ್ವಮತ ಗೊತ್ತಿದ್ದವರಿಗೆ ಇದು ಕಷ್ಟವಲ್ಲ. ಏನೂ ಇಲ್ಲದ್ದರಿಂದ ಸೃಷ್ಟಿ ಎಂಬ ಮಾತೇ ನಮಗೆ ಹೊಸದು. ಕ್ರೈಸ್ತರಲ್ಲಿ ಅದು ಗಟ್ಟಿಯಾದದ್ದು 2ನೆಯ ಶತಮಾನದಲ್ಲಿ. 529ರಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತ ಜಾನ್ ಫಿಲೋಪೋನಸ್, ಜಗತ್ತು ಅನಾದಿಯಾಗಿದ್ದರೆ ಅನಂತ ಸಂಖ್ಯೆಯ ದಿನಗಳು ಕಳೆದು ಇಂದು ಬರುವುದು ಹೇಗೆ ಎಂಬ ಬಗೆಯ ವಾದ ಹೂಡಿದ. ಅದು ಅರಬ್ಬಿಗೆ ದಾಟಿತು. 1095ರಲ್ಲಿ ಮುಸ್ಲಿಂ ಚಿಂತಕ ಅಲ್-ಗಝಾಲಿ ಅದನ್ನು ಹರಿತ ಮಾಡಿದರು: ಸೂರ್ಯ ಒಂದು ವರ್ಷಕ್ಕೊಂದು ಸುತ್ತು, ಶನಿ 30 ವರ್ಷಕ್ಕೊಂದು ಸುತ್ತು, ಎರಡೂ ಅನಂತ ಸುತ್ತು ಮುಗಿಸಿವೆ ಎನ್ನುವುದಾದರೆ ಒಂದರ ಎಣಿಕೆ ಇನ್ನೊಂದರ ಮೂವತ್ತು ಪಾಲು ಆಗುವುದು ಹೇಗೆ, ಆ ಎಣಿಕೆ ಸಮವೋ ಬೆಸವೋ? ಮುಂದೆ 13ನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್, ಜಗತ್ತಿಗೆ ಆರಂಭವಿತ್ತು ಎಂಬುದು ನಂಬಿಕೆಯ ಮಾತು, ತರ್ಕದಿಂದ ಸಾಧಿಸಲಾಗದು ಎಂದು ಪಕ್ಕಕ್ಕೆ ಸರಿದ.

ಇಲ್ಲಿ ಎಡವುವವರೇ ಹೆಚ್ಚು. ಇಂದಿನ ಕ್ರೈಸ್ತ ವಾಗ್ಮಿಗಳು 'ಕಲಾಮ್ ವಾದ' ಎಂದು ಮುಂದಿಡುವುದು ಗಝಾಲಿಯ ಆ ವಾದವನ್ನೇ (ಆರಂಭವಿರುವ ಜಗತ್ತಿಗೆ ಆರಂಭಿಸಿದವನೊಬ್ಬ ಬೇಕು ಎಂಬುದು ಅದರ ತಿರುಳು), ಹೆಸರೇ ಅರಬ್ಬಿ. ವಾದ ಗೆದ್ದಿತು ಎಂದೇ ಇಟ್ಟುಕೋ. ಆಗ ನೀನು ಬಂದು ನಿಲ್ಲುವುದು ಮಸೀದಿಗೂ ಇಗರ್ಜಿಗೂ ದಾರಿ ಕವಲೊಡೆಯುವ ಜಾಗದಲ್ಲಿ. ಮುಂದಿನ ಹೆಜ್ಜೆಗೆ ಈ ವಾದದಿಂದ ಕಾಸಿನ ಸಹಾಯವಿಲ್ಲ.

ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಿತ್ವದ ವಿಷಯಕ್ಕೆ ಬರುತ್ತೇನೆ. 'ಒಂದು ಮೂರಾಗುವುದು ಹೇಗೆ' ಎಂಬ ಪ್ರಶ್ನೆಗೆ 4ನೆಯ ಶತಮಾನದವರ ಉತ್ತರ ಎರಡು ಪದಗಳ ಮೇಲೆ ನಿಂತಿದೆ: 'ಏನು' ಎಂಬುದಕ್ಕೆ ಊಸಿಯಾ, 'ಯಾರು' ಎಂಬುದಕ್ಕೆ ಹೈಪೋಸ್ಟಾಸಿಸ್. ಏನು ಒಂದು, ಯಾರು ಮೂರು. ಕನ್ನಡದಲ್ಲಿ ಇದನ್ನು ಯೋಚಿಸುವಾಗ ಒಂದು ಎಚ್ಚರ ಬೇಕು. 'ಅವನು ಬಡಗಿ', 'ಅವನು ಈ ಮನೆಯ ಯಜಮಾನ' ಎರಡೂ ಒಂದೇ ಅಚ್ಚಿನ ವಾಕ್ಯಗಳು. ಮೊದಲನೆಯದು ಅವನು ಯಾವ ಬಗೆಯವನು ಎಂದು ಹೇಳುತ್ತದೆ, ಎರಡನೆಯದು ವ್ಯಕ್ತಿಯನ್ನು ಗುರುತಿಸುತ್ತದೆ. 'ಮಗನು ದೇವರು' ಎಂಬುದನ್ನು ಎರಡನೆಯ ಬಗೆಯಲ್ಲಿ ಓದಿದರೆ ಮಗನೇ ತಂದೆಯಾಗಿ ತರ್ಕ ಮುರಿಯುತ್ತದೆ. ಯೋಹಾನ 1:1ರ ಗ್ರೀಕಿನಲ್ಲಿ ವಾಕ್ಯ ಯಾರ ಬಳಿ ಇತ್ತೋ ಆ 'ದೇವರು' ಪದಕ್ಕೆ ಆರ್ಟಿಕಲ್ (ಇಂಗ್ಲಿಷಿನ the ಥರದ ಪದ) ಇದೆ, ವಾಕ್ಯ 'ದೇವರಾಗಿತ್ತು' ಎನ್ನುವಲ್ಲಿ ಇಲ್ಲ. ಹಾಗೆಂದು ಬರೀ ಮೊದಲನೆಯ ಬಗೆಯಲ್ಲೇ ಓದಿದರೆ ಮೂವರು ಬಡಗಿಗಳಂತೆ ಮೂವರು ದೇವರು. ಈ ಎರಡರ ನಡುವಿನ ಓಣಿ ಬಹಳ ಕಿರಿದು, ತರ್ಕಶಾಸ್ತ್ರಿಗಳು ಇವತ್ತಿಗೂ ಅಲ್ಲಿ ಅಂಗೈಯಗಲ ಜಾಗಕ್ಕೆ ಜಗಳಾಡುತ್ತಾರೆ. ನೀರು, ಮಂಜುಗಡ್ಡೆ, ಹಬೆ ಎಂಬ ಉದಾಹರಣೆಯನ್ನು ಮಾತ್ರ ಯಾರ ಮುಂದೆಯೂ ಹೇಳಬೇಡ. ಅದು ಸಬೆಲ್ಲಿಯಸ್‌ನ ವಾದ, ಒಬ್ಬನೇ ಮೂರು ವೇಷದಲ್ಲಿ ಬರುತ್ತಾನೆ ಎಂಬುದು; ಚರ್ಚೇ ಅದನ್ನು ತಿರಸ್ಕರಿಸಿದೆ. ಹಬೆಯಾಗಿರುವ ನೀರು ಮಂಜುಗಡ್ಡೆಯಾಗಿರುವ ತನಗೇ ಪ್ರಾರ್ಥನೆ ಮಾಡುವುದಿಲ್ಲವಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸು ತಂದೆಗೆ ಪ್ರಾರ್ಥಿಸಿದ್ದು ಆಗ ನಾಟಕವಾಗುತ್ತದೆ. ಆದಿಕಾಂಡ 1:26ರ 'ನಮ್ಮ ಸ್ವರೂಪದಲ್ಲಿ' ಎಂಬ ಬಹುವಚನವೇ ತ್ರಿತ್ವಕ್ಕೆ ಸಾಕ್ಷಿ ಎನ್ನುವವರಿದ್ದಾರೆ. 'ದೇವರು ಬಂದರು' ಎಂದು ದಿನವೂ ಬಹುವಚನ ಹಚ್ಚುವ ನಮ್ಮಂಥವರಾದರೂ ಅದಕ್ಕೆ ಮರುಳಾಗಬಾರದು.

ಕುರ್‌ಆನ್ ನಿರಾಕರಿಸುವುದು ಏನನ್ನು ಎಂಬುದನ್ನೂ ಬಿಡಿಸಿ ನೋಡು. 5:116ರಲ್ಲಿ (5ನೆಯ ಸೂರಾದ 116ನೆಯ ಆಯತ್, ಅಂದರೆ ವಚನ) ಅಲ್ಲಾಹು ಈಸಾರನ್ನು ಕೇಳುವುದು, 'ನನ್ನನ್ನೂ ನನ್ನ ತಾಯಿಯನ್ನೂ ಇಬ್ಬರು ದೇವರಾಗಿ ಮಾಡಿಕೊಳ್ಳಿ' ಎಂದು ಜನರಿಗೆ ನೀನು ಹೇಳಿದೆಯಾ ಎಂದು. ಮರಿಯಳನ್ನು ತ್ರಿತ್ವದಲ್ಲಿ ಸೇರಿಸಿದ ಸಭಾನಿರ್ಣಯ ಯಾವುದೂ ಇಲ್ಲ. ಆದ್ದರಿಂದ ಕುರ್‌ಆನಿಗೆ ತ್ರಿತ್ವವೇ ಗೊತ್ತಿಲ್ಲ ಎಂದು ಕ್ರೈಸ್ತರು ಕೈತೊಳೆದುಕೊಳ್ಳುವುದುಂಟು. ಅದೂ ಅವಸರವೇ, ಯಾಕೆಂದರೆ 4:171 ಮತ್ತು ನಾಲ್ಕೇ ಆಯತ್‌ಗಳ 112ನೆಯ ಸೂರಾ ನೇರವಾಗಿ ಮಗತನಕ್ಕೇ ಕೈ ಹಾಕುತ್ತವೆ: ಅವನು ಹೆತ್ತವನಲ್ಲ, ಹೆರಲ್ಪಟ್ಟವನೂ ಅಲ್ಲ. ಮಜಾ ಏನೆಂದರೆ 1215ರಲ್ಲಿ ರೋಮಿನಲ್ಲಿ ಬಿಷಪ್ಪರು ಸೇರಿದ ನಾಲ್ಕನೆಯ ಲ್ಯಾಟರನ್ ಸಭೆಯೂ ದೈವಸತ್ತ್ವದ ಬಗ್ಗೆ ಹೆಚ್ಚುಕಮ್ಮಿ ಇದೇ ಮಾತು ಬರೆದಿದೆ: ಅದು ಹೆರುವುದಿಲ್ಲ, ಹೆರಲ್ಪಡುವುದೂ ಇಲ್ಲ, ಹೆರುವವನು ತಂದೆ, ಹುಟ್ಟುವವನು ಮಗ. ವ್ಯಾಜ್ಯ ಉಳಿಯುವುದು ಆ ಎರಡನೆಯ ತುಂಡಿನಲ್ಲಿ. ಇನ್ನು 4:171 ಈಸಾರನ್ನು ದೇವರ 'ಮಾತು' ಎಂದೂ ಕರೆಯುತ್ತದೆ. ಮುಸ್ಲಿಂ ವ್ಯಾಖ್ಯಾನಕಾರರು ಸಾಮಾನ್ಯವಾಗಿ ಅದನ್ನು 'ಆಗು' ಎಂಬ ಅಪ್ಪಣೆಯಿಂದ ಹುಟ್ಟಿದವರು ಎಂದು ಬಿಡಿಸುತ್ತಾರೆ. 3:59 ಈಸಾರನ್ನು ಆದಮರಿಗೆ ಹೋಲಿಸುವುದು ಅದಕ್ಕೆ ಆಧಾರ.

ನಮ್ಮವರಿಗೆ ಇನ್ನೊಂದು ಗುಂಡಿ 'ಅವತಾರ' ಎಂಬ ಪದ. ಗೀತೆಯ ಅವತಾರ ಯುಗಯುಗಕ್ಕೂ ಬರುತ್ತದೆ. ಮಧ್ವರಿಗಂತೂ ಅವತಾರದ ದೇಹ ಪ್ರಾಕೃತವೇ ಅಲ್ಲ. ಇಬ್ರಿಯರಿಗೆ ಬರೆದ ಪತ್ರ ಒತ್ತಿ ಹೇಳುವುದು 'ಒಂದೇ ಸಲ' ಎಂದು. 451ರ ಕಾಲ್ಸೆಡಾನ್ ಸಭೆ, ದೈವ-ಮಾನುಷ ಎರಡೂ ಸ್ವಭಾವಗಳು ಬೆರಕೆಯಾಗದೆ, ಮಾರ್ಪಡದೆ, ಭಾಗವಾಗದೆ, ಬೇರ್ಪಡದೆ ಒಬ್ಬನಲ್ಲಿವೆ ಎಂದಿತು. ನಾಲ್ಕೂ ನಿಷೇಧಗಳೇ, ಹೇಗೆ ಎಂದು ಹೇಳಿಲ್ಲ, ಬೇಲಿ ಹಾಕಿದ್ದಾರೆ ಅಷ್ಟೆ. ಸಿರಿಯಾ, ಈಜಿಪ್ಟಿನ ಬಹುಪಾಲು ಕ್ರೈಸ್ತರು ಈ ಬೇಲಿಯನ್ನೂ ಒಪ್ಪಲಿಲ್ಲ. ಇಸ್ಲಾಂ ಮೊದಮೊದಲು ಮುಖಾಮುಖಿಯಾದವರಲ್ಲಿ ಇವರೂ ಇದ್ದರು.

ಶಿಲುಬೆಯ ಬಗ್ಗೆ ಚುಟುಕಾಗಿ. ಯೇಸುವನ್ನು ಶಿಲುಬೆಗೇರಿಸಿದರೆಂಬುದಕ್ಕೆ ಪೌಲ 50ರ ದಶಕದಲ್ಲಿ ಬರೆದ ಕೊರಿಂಥದವರ ಮೊದಲ ಪತ್ರ ಇದೆ, ರೋಮನ್ ಇತಿಹಾಸಕಾರ ಟ್ಯಾಸಿಟಸ್ ಇದ್ದಾನೆ; ಇತಿಹಾಸಕಾರರಲ್ಲಿ ಇದಕ್ಕೆ ತಕರಾರು ಬಹಳ ಕಡಿಮೆ. ಕುರ್‌ಆನ್ 4:157, ಶಿಲುಬೆಗೇರಿಸಲಿಲ್ಲ, ಅವರಿಗೆ ಹಾಗೆ ತೋರುವಂತೆ ಮಾಡಲಾಯಿತು ಎನ್ನುತ್ತದೆ. ಪುನರುತ್ಥಾನದ ಪ್ರಶ್ನೆ ಬೇರೆ; ಮರಣದ ಪುರಾವೆಯನ್ನು ತೋರಿಸಿ ಅದೂ ಸಾಬೀತಾಯಿತು ಎನ್ನಬೇಡ. ಎರಡು ನಕಲಿ ನಾಣ್ಯಗಳನ್ನು ಜೇಬಿನಿಂದ ತೆಗೆದಿಡು: ಮುಸ್ಲಿಂ ಕರಪತ್ರಗಳು ಉದ್ಧರಿಸುವ 'ಬಾರ್ನಬನ ಸುವಾರ್ತೆ' (ನೂರು ವರ್ಷಕ್ಕೊಂದು ಜೂಬಿಲಿ, ಅಂದರೆ ಪವಿತ್ರ ವರ್ಷ, ಎನ್ನುತ್ತದೆ, ಆ ಪದ್ಧತಿ ತಂದದ್ದು 1300ರಲ್ಲಿ ಒಬ್ಬ ಪೋಪ್), ಮತ್ತು ಹಳೆಯ ಬೈಬಲ್ ಅನುವಾದಗಳಲ್ಲಿ 1 ಯೋಹಾನ 5:7ರಲ್ಲಿ ಸೇರಿಕೊಂಡ 'ತಂದೆ, ವಾಕ್ಯ, ಪವಿತ್ರಾತ್ಮ' ಎಂಬ ಸಾಲು, ಅದು ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ನೈಸಿಯಾದಲ್ಲಿ ಬೈಬಲ್ಲಿನ ಪುಸ್ತಕಗಳನ್ನು ಆರಿಸಿದರು ಎಂಬುದೂ ಬುರುಡೆ; ಹೊಸ ಒಡಂಬಡಿಕೆಯ 27ರ ಪಟ್ಟಿ ಇಂದಿರುವಂತೆ ಮೊದಲು ಕಾಣುವುದು 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ.

ಓದುವ ಕ್ರಮ ಹೀಗಿರಲಿ. ಮೊದಲು ಮಾರ್ಕ, 16 ಅಧ್ಯಾಯ, ಒಂದೇ ಸಲ ಕೂತು ಓದು, ಎರಡು ಗಂಟೆಯೊಳಗೆ ಮುಗಿಯುತ್ತದೆ. 16:8ಕ್ಕೆ ನಿಲ್ಲಿಸು, ಅತಿ ಹಳೆಯ ಪೂರ್ಣ ಪ್ರತಿಗಳು ನಿಲ್ಲುವುದೂ ಅಲ್ಲಿಯೇ. ಮರುದಿನ 98 ಆಯತ್‌ಗಳ ಸೂರಾ ಮರ್ಯಮ್. ಆಮೇಲೆ ಯೋಹಾನ 1, ಫಿಲಿಪ್ಪಿ 2, ಕೊರಿಂಥದ ಮೊದಲ ಪತ್ರದ 15ನೆಯ ಅಧ್ಯಾಯ. ಅವುಗಳ ಎದುರು ಸೂರಾ 3ರ 33ರಿಂದ 64, ಸೂರಾ 4ರ 157ರಿಂದ 171, ಸೂರಾ 5ರ ಕೊನೆಯ ಹತ್ತು ಆಯತ್. ಕುರ್‌ಆನನ್ನು ಮೊದಲ ಪುಟದಿಂದ ಕಥೆಯಂತೆ ಓದಲು ಹೋಗಬೇಡ, ಸೂರಾಗಳು ಹೆಚ್ಚುಕಮ್ಮಿ ಉದ್ದದಿಂದ ಗಿಡ್ಡಕ್ಕೆ ಜೋಡಣೆಯಾಗಿವೆ, ಕಾಲಕ್ರಮದಲ್ಲಿ ಅಲ್ಲ. ಇವಿಷ್ಟೂ ಆದಮೇಲೆ ಅಗಸ್ಟೀನ್, ಗಝಾಲಿ.

ಆದಮನ ಪಾಪದ ಬಗ್ಗೆ ಕೇಳಿದ್ದೆಯಲ್ಲ, ಅದಕ್ಕೆ ಸೂರಾ 2:37 ಮತ್ತು ರೋಮಾಪುರದವರ ಪತ್ರ 5:12 ಸಾಕು. ಮೊದಲನೆಯದರಲ್ಲಿ ಆದಮ್ ಕ್ಷಮೆ ಪಡೆದರು, ಅಲ್ಲಿಗೆ ಕಡತ ಮುಚ್ಚಿತು. ಮಕ್ಕಳಿಗೆ ಸಾಲ ಬರಲಿಲ್ಲ, ಹಾಗಾಗಿ ತೀರಿಸಲು ಶಿಲುಬೆಯೂ ಬೇಕಾಗಲಿಲ್ಲ. ಎರಡನೆಯದರಲ್ಲಿ 'ಎಲ್ಲರೂ ಪಾಪ ಮಾಡಿದ್ದರಿಂದ' ಎಂದು ಗ್ರೀಕ್. ಅಗಸ್ಟೀನ್ ಓದಿದ ಲ್ಯಾಟಿನ್ನಿನಲ್ಲಿ ಅದು 'ಅವನಲ್ಲಿ ಎಲ್ಲರೂ ಪಾಪ ಮಾಡಿದರು' ಎಂದಾಗಿತ್ತು. ಗ್ರೀಕಿನಲ್ಲೇ ಓದಿದ ಪೂರ್ವದ ಚರ್ಚು, ಕಾನ್‌ಸ್ಟಾಂಟಿನೋಪಲ್ ಕಡೆಯದು, ಆದಮನಿಂದ ನಮಗೆ ಬಂದದ್ದು ಸಾವು, ಅಪರಾಧವಲ್ಲ ಎನ್ನುತ್ತದೆ. ಆದ್ದರಿಂದ ನಿನ್ನ ಪಟ್ಟಿಯ 'ಕ್ರೈಸ್ತರ ಜನ್ಮಪಾಪ' ಎಂಬ ಸಾಲನ್ನು ಅಳಿಸಿ ಎರಡು ಸಾಲು ಮಾಡು, ಒಂದಕ್ಕೆ ರೋಮ್, ಇನ್ನೊಂದಕ್ಕೆ ಕಾನ್‌ಸ್ಟಾಂಟಿನೋಪಲ್ ಎಂದು ಬರೆ.

ಇಂತಿ,
ನಿನ್ನ ಗೆಳೆಯ