ಯಾವ ಮಾದರಿ ಸರಿ ಎಂದು ಕೇಳಿದ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಅಸಹಜ ವರ್ತನೆಯ ಪಾಠ ಶುರುವಾಗಿದೆ, ಮನಸ್ಸಿನ ಕಾಯಿಲೆ ಏಕೆ ಬರುತ್ತದೆ ಎಂದು ವಿವರಿಸುವ ಜೈವಿಕ (ದೇಹ, ಮಿದುಳು), ಮನೋವಿಶ್ಲೇಷಣೆ (ಒಳಮನಸ್ಸಿನ ಸಂಘರ್ಷ), ವರ್ತನಾವಾದ (ಕಲಿತ ನಡವಳಿಕೆ), ಸಂಜ್ಞಾನಾತ್ಮಕ (ಯೋಚಿಸುವ ರೀತಿ), ಸಾಮಾಜಿಕ (ಮನೆ, ಸಮಾಜ) ಮಾದರಿಗಳಲ್ಲಿ ಯಾವುದು ಸರಿ ಎಂದು ಕೇಳಿದ್ದೀಯ. ಪರೀಕ್ಷೆಗೆ ಕೋಷ್ಟಕ ಬರೆದು ಬಾಯಿಪಾಠ ಮಾಡು, ಬೇಡ ಅನ್ನುವುದಿಲ್ಲ. ಆದರೆ ಯಾವುದನ್ನೇ ಒಪ್ಪುವ ಮುಂಚೆ ಎರಡು ವಿಷಯ ನೋಡು. ಅದು ಹೇಳುತ್ತಿರುವುದು ಕಾಯಿಲೆ ಹುಟ್ಟಿದ ಕಾರಣವೋ, ಮರುಕಳಿಸುವ ಕಾರಣವೋ? ಅದನ್ನು ನಂಬಿದರೆ ತಪ್ಪು ಯಾರ ತಲೆಗೆ ಬೀಳುತ್ತದೆ?

1948ರಲ್ಲಿ ಅಮೆರಿಕದಲ್ಲಿ ಮನೋವಿಶ್ಲೇಷಕಿ ಫ್ರೀಡಾ ಫ್ರಾಮ್-ರೈಕ್‌ಮನ್ ಅವರು ಮಕ್ಕಳಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಸುಳ್ಳು ನಂಬಿಕೆಗಳು ಕಾಡುವ ಮನೋರೋಗ) ಉಂಟುಮಾಡುವಂಥ ತಾಯಿಯ ಬಗ್ಗೆ ಬರೆದರು. ಬೇರೆಯವರು ಕೈಬಿಟ್ಟ ರೋಗಿಗಳ ಜೊತೆ ತಾಳ್ಮೆಯಿಂದ ಕೂತು ಮಾತಾಡಿದ ವೈದ್ಯೆ ಅವರು. ಆದರೂ ಆ ಒಂದು ಮಾತು ವರ್ಷಗಟ್ಟಲೆ ಎಷ್ಟೋ ತಾಯಂದಿರನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸಿತು. 1966ರಲ್ಲಿ ಮನೋವೈದ್ಯ ಲಿಯೊನಾರ್ಡ್ ಹೆಸ್ಟನ್, ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಕೆಲವೇ ದಿನಗಳಲ್ಲಿ ಅವರಿಂದ ದೂರವಾಗಿ ಬೆಳೆದ 47 ಜನರ ಅಧ್ಯಯನ ಪ್ರಕಟಿಸಿದರು. ಅವರಲ್ಲಿ 5 ಜನರಿಗೆ ಆ ಕಾಯಿಲೆ ಬಂದಿತ್ತು. ಹಾಗೆಯೇ ದೂರ ಬೆಳೆದ, ಆದರೆ ತಾಯಿಗೆ ಕಾಯಿಲೆ ಇಲ್ಲದ 50 ಜನರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಸಾಕಿದ ರೀತಿಯೇ ಕಾರಣ ಎಂಬ ವಾದ ಅಲ್ಲಿ ಸಡಿಲವಾಯಿತು.

ಹಾಗಂತ ಎಲ್ಲವನ್ನೂ ವಂಶವಾಹಿಗೆ ಕಟ್ಟಬೇಡ. ಏಕರೂಪಿ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬಂದರೂ ಇನ್ನೊಬ್ಬರಿಗೆ ಬಾರದೆ ಇರುವುದು ಸಾಮಾನ್ಯ. ಲಂಡನ್ನಿನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಕಂಡದ್ದು ಮತ್ತೂ ಮುಖ್ಯ: ಆಸ್ಪತ್ರೆಯಿಂದ ಮನೆಗೆ ಹೋದವರಲ್ಲಿ, ಸದಾ ಬೈಗುಳ, ತಿರಸ್ಕಾರ ಇರುವ ಮನೆ ಸೇರಿದವರಿಗೆ ಕಾಯಿಲೆ ಹೆಚ್ಚಾಗಿ ಮರಳುತ್ತಿತ್ತು. ಮನೆ ಕಾಯಿಲೆಯನ್ನು ಹುಟ್ಟಿಸಲಿಲ್ಲ, ಆದರೆ ಅದರ ದಾರಿಯನ್ನು ಬದಲಿಸಿತು. ಈ ಅಂತರವನ್ನು ಚೆನ್ನಾಗಿ ಮನಸ್ಸಿಗೆ ತಂದುಕೋ. ಪಠ್ಯಪುಸ್ತಕ ಎರಡನ್ನೂ ಒಂದೇ ಅಧ್ಯಾಯದಲ್ಲಿ ಕಲಸಿಬಿಡುತ್ತದೆ.

ಜೈವಿಕ ಮಾದರಿ ಪೂರ್ತಿ ಗೆದ್ದ ಕಡೆಯೂ ಉಂಟು. 1913ರಲ್ಲಿ ನೊಗುಚಿ ಮತ್ತು ಮೂರ್, ಪ್ಯಾರೆಸಿಸ್ ಎಂಬ ಬುದ್ಧಿವಿಕಲತೆಯಿಂದ ಸತ್ತವರ ಮಿದುಳಿನಲ್ಲಿ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ನ ರೋಗಾಣುವನ್ನೇ ತೋರಿಸಿದರು. ಮೂಲ ಗೊತ್ತಿಲ್ಲದೆಯೂ ಗುಣವಾಗಬಹುದು ಅನ್ನುವುದಕ್ಕೆ, ವರ್ತನಾವಾದದ ಹಾದಿಯ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ ಬರೆದ ಪೀಟರ್ ಎಂಬ ಮಗುವಿನ ಕಥೆ ಓದು: ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಅವನ ಹೆದರಿಕೆ ಬಿಡಿಸಿದರು. ಸಂಜ್ಞಾನಾತ್ಮಕ ಮಾದರಿಯ ಮನೋವೈದ್ಯ ಆರನ್ ಬೆಕ್ ಅವರಂತೂ ನನಗೆ ಅಚ್ಚುಮೆಚ್ಚು. ಖಿನ್ನತೆ ಅಂದರೆ ಒಳಕ್ಕೆ ತಿರುಗಿದ ಸಿಟ್ಟು ಎಂಬ, ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್‌ರ ಮಾತನ್ನು ದೃಢಪಡಿಸಲೆಂದೇ ರೋಗಿಗಳ ಕನಸುಗಳನ್ನು ಪರೀಕ್ಷಿಸಲು ಹೊರಟವರು. ಸಿಟ್ಟಿನ ಬದಲು ಸೋಲು, ನಷ್ಟಗಳೇ ಕಂಡಾಗ ತಾವು ಕಲಿತ ಸಿದ್ಧಾಂತವನ್ನೇ ಬದಿಗಿಟ್ಟು, ರೋಗಿ ತನ್ನ ಬಗ್ಗೆ ಯೋಚಿಸುವ ರೀತಿಯತ್ತ ತಿರುಗಿದರು. ಆ ಪ್ರಾಮಾಣಿಕತೆ ನಿನಗೂ ಇರಲಿ.

ನಾಳೆ ನೀನು ವಾರ್ಡಿನಲ್ಲಿ ಕೂತಾಗ ಯಾವುದೋ ಊರಿನ ತಾಯಿ ಕೇಳೇ ಕೇಳುತ್ತಾಳೆ, "ನಾನೇನು ತಪ್ಪು ಮಾಡಿದೆ ಮೇಡಂ?" ನಾನು ಸಮಾಜಕಾರ್ಯಕರ್ತೆಯಾಗಿದ್ದಷ್ಟು ಕಾಲವೂ ಈ ಪ್ರಶ್ನೆ ನನ್ನ ಕಿವಿಗೆ ಬಿದ್ದಿದೆ. ದೇವಸ್ಥಾನಕ್ಕೆ ಹರಕೆ ಹೊತ್ತು ಬಂದಿದ್ದರೆ ನಗಬೇಡ, ಗದರಿಸಬೇಡ. ಇದು ಅವಳು ಬೆಳೆಸಿದ್ದರಿಂದ ಬಂದದ್ದಲ್ಲ ಎಂದು ಮೊದಲು ಸ್ಪಷ್ಟವಾಗಿ ಹೇಳು. ಮಾತ್ರೆ ತಪ್ಪಿಸದಿರುವುದು, ನಿದ್ದೆ ನೋಡಿಕೊಳ್ಳುವುದು, ಮನೆಯಲ್ಲಿ ಬೈಗುಳ ಕಡಿಮೆ ಮಾಡುವುದು, ಇವನ್ನು ಆಮೇಲೆ ನಿಧಾನವಾಗಿ ತಿಳಿಸು.

ಹೆಸ್ಟನ್ ಲೇಖನವನ್ನು ಗ್ರಂಥಾಲಯದಲ್ಲಿ ಹುಡುಕಿ ಓದು. ಅದರಲ್ಲಿ ನಿನಗೆ ಒಪ್ಪಿಗೆಯಾಗದ್ದು ಏನೆಂದು ನನಗೆ ಬರೆ.

ನಿನ್ನ ಪ್ರೀತಿಯ,
ಅತ್ತೆ